ಬಿಚ್ಚದೆ ಬಿಟ್ಟ ಬುಟ್ಟಾ

ಮೊದಲು ತಪ್ಪಿದ್ದು ಒಂದು ಬುಟ್ಟಾ.

ಮಾತು ತಪ್ಪಲಿಲ್ಲ, ನಡಿಗೆ ತಪ್ಪಲಿಲ್ಲ. ರೇಷ್ಮೆ ಸೀರೆಯ ಒಡಲಲ್ಲಿ ಇಷ್ಟು ಎಳೆ ನೇಯ್ದ ಮೇಲೆ ಒಂದು ಹೂವು ಬರಬೇಕು ಎಂಬ ಲೆಕ್ಕವಿದೆಯಲ್ಲ, ಅದು ತಪ್ಪಿತು. ನಮ್ಮ ಯಜಮಾನರು ರಾಮಲಿಂಗಂ ಹದಿನಾರನೇ ವಯಸ್ಸಿಗೆ ಮಗ್ಗದ ಗುಂಡಿಯಲ್ಲಿ ಕಾಲಿಟ್ಟವರು. ಈಗ ಐವತ್ತೆಂಟು. ಆ ಲೆಕ್ಕವನ್ನು ಅವರು ಬಾಯಲ್ಲಿ ಎಣಿಸುವುದಿಲ್ಲ. ಕೆಳಗೆ ತುಳಿಯುವ ಕಾಲೇ ಎಣಿಸುತ್ತದೆ. ಮೇಲೆ ಅವರು ರೇಡಿಯೋ ಕೇಳುತ್ತಾರೆ, ಬೀದಿಯಲ್ಲಿ ಹೋಗುವವರನ್ನು ಕರೆದು ಹರಟೆ ಹೊಡೆಯುತ್ತಾರೆ, ನನ್ನ ಜೊತೆ ಜಗಳವನ್ನೂ ಆಡುತ್ತಾರೆ. ಬುಟ್ಟಾ ಮಾತ್ರ ತನ್ನ ಜಾಗದಲ್ಲೇ ಬಂದು ಕೂರುತ್ತಿತ್ತು.

ಅವತ್ತು ಒಂದು ಬುಟ್ಟಾ ನಾಲ್ಕು ಎಳೆ ಮುಂಚೆಯೇ ಬಂದಿತ್ತು. ಅದರ ಮುಂದಿನದು ಆರು ಎಳೆ ತಡವಾಗಿ.

ಪಕ್ಕದಲ್ಲಿ ರಾಟೆ ಇಟ್ಟುಕೊಂಡು ಲಾಳಿಗೆ ನೂಲು ಸುತ್ತಿ ಕೊಡುವುದು ನನ್ನ ಕೆಲಸ. ನೋಡಿದೆ. ಏನೂ ಹೇಳಲಿಲ್ಲ.

ನಾನು ಹುಟ್ಟಿದ್ದು ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ. ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿದವಳು. ಮದುವೆಯಾಗಿ ಸೇಲಂಗೆ ಬಂದು ಮೂವತ್ತು ವರ್ಷವಾಯಿತು. ಈ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದುವವರು ಮಾತ್ರ ಒಬ್ಬರೂ ಇಲ್ಲ. ಮಗಳು ಕವಿತಾಳಿಗೂ ಬರೆಯಲು ಬರುವುದು ತಮಿಳೇ. ಹಾಗಾಗಿ ನಾನು ಇಲ್ಲಿ ಯಾರ ಮುಖವನ್ನೂ ನೋಡದೆ ಬರೆಯಬಹುದು. ನಮ್ಮವರಿಗೆ ಬಂದ ಈ ಕಾಯಿಲೆ ಕೊಟ್ಟ ಒಂದೇ ಒಂದು ಅನುಕೂಲ ಅಂದರೆ ಇದು, ಮತ್ತೆ ಪೆನ್ನು ಹಿಡಿಯುವ ಹಾಗೆ ಮಾಡಿತು.

ನೇಕಾರರ ಮನೆಗಳಲ್ಲಿ ಒಂದು ರೂಢಿಯಿದೆ. ಗಂಡಸಿನ ಕೈತಪ್ಪನ್ನು ಹೆಂಗಸು ಬಾಯಿಬಿಟ್ಟು ಹೇಳುವುದಿಲ್ಲ. ನೂಲು ಕೊಟ್ಟು ನೇಯಿಸಿಕೊಳ್ಳುವ ಮುದಲಾಳಿ ತಪ್ಪು ಸೀರೆಯನ್ನು ಹತ್ತು ಜನರ ಮುಂದೆ ಬಿಡಿಸಿ ತೋರಿಸುತ್ತಾನೆ, ಅದಕ್ಕಿಂತ ದೊಡ್ಡ ಅವಮಾನ ನಮ್ಮವರಿಗಿಲ್ಲ. ಆದ್ದರಿಂದ ನನ್ನ ತವರಿನಲ್ಲಿ ಅಪ್ಪ ಹೊರಗೆ ಹೋದಾಗ ಅಮ್ಮ ಮಗ್ಗಕ್ಕೆ ಇಳಿದು, ತಪ್ಪಿದಲ್ಲಿಯವರೆಗೆ ಬಿಚ್ಚಿ, ಸರಿಯಾಗಿ ನೇಯ್ದು, ಎಲ್ಲಿ ಬಿಟ್ಟಿದ್ದರೋ ಅಲ್ಲಿಗೇ ತಂದು ನಿಲ್ಲಿಸಿ ಎದ್ದುಬಿಡುತ್ತಿದ್ದಳು. ಅಪ್ಪ ವಾಪಸ್ ಬಂದು ಏನೂ ಕೇಳುತ್ತಿರಲಿಲ್ಲ. ನಾನೂ ಅದನ್ನೇ ನೋಡಿ ಕಲಿತವಳು.

ದಿನಾ ಸಂಜೆ ನಾಲ್ಕಕ್ಕೆ ನಮ್ಮವರು ಟೀ ಅಂಗಡಿಗೆ ಹೋಗಿ, ಅಲ್ಲಿಂದ ಚೌಡಮ್ಮನ ಗುಡಿಗೆ ಹೋಗಿ ಆರೂವರೆಗೆ ಬರುತ್ತಾರೆ. ಅವತ್ತು ಅವರು ಬೀದಿ ತಿರುಗಿದ ಕೂಡಲೇ ನಾನು ಗುಂಡಿಗೆ ಇಳಿದೆ. ಮೂರು ಬೆರಳಗಲ ಬಿಚ್ಚಿದೆ. ಮೂರು ಬೆರಳಗಲ ನೇಯ್ದೆ. ಅವರ ಕಣ್ಣು ಮಂಜಾಗಿರಬೇಕು, ಕನ್ನಡಕ ಬದಲಾಯಿಸಬೇಕು ಅಂದುಕೊಂಡೆ.

ಹಾಗೆ ಎರಡು ತಿಂಗಳು ಬಿಚ್ಚಿದೆ.

ಲಿವರ್ ಕಾಯಿಲೆ ಇದೆಯೆಂದು ನಮಗೆ ಗೊತ್ತಿರಲಿಲ್ಲ ಅಂತಲ್ಲ. ಎರಡು ವರ್ಷದ ಹಿಂದೆ ಕಾಲು ಊದಿಕೊಂಡಿತ್ತು. ಸ್ಕ್ಯಾನ್ ಮಾಡಿ ಸಿರೋಸಿಸ್ ಅಂದರು. ಅವತ್ತಿನಿಂದ ಇವತ್ತಿನವರೆಗೆ ನಾನು ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ ಒಂದೇ: ಕುಡೀತಾರಾ? ಚೀಟಿ ಬರೆಯುವವಳು ಕೇಳಿದಳು, ನರ್ಸ್ ಕೇಳಿದಳು, ಸ್ಕ್ಯಾನ್ ಮಾಡುವವನು ಕೇಳಿದ, ಆಟೋದವನು ಕನ್ನಡಿಯಲ್ಲಿ ನೋಡುತ್ತಾ ಕೇಳಿದ. ಟೀ ಬಿಟ್ಟರೆ ಬೇರೇನನ್ನೂ ಮುಟ್ಟದ ಮನುಷ್ಯ. ಶುಗರ್ ಇತ್ತು, ಕೂತು ಮಾಡುವ ಕೆಲಸ, ಲಿವರ್‌ನಲ್ಲಿ ಕೊಬ್ಬು ತುಂಬಿ ಅದು ಗಟ್ಟಿಯಾಯಿತು ಎಂದು ಡಾಕ್ಟರ್ ಹೇಳಿದ್ದನ್ನು ನಾನು ನೆಂಟರಿಗೆಲ್ಲ ಒಪ್ಪಿಸಿದೆ. ಕೇಳಿಸಿಕೊಂಡು ತಲೆಯಾಡಿಸಿ, "ಆದ್ರೂ ಒಸಿ ಒಸಿ ತಗಂತಿದ್ರೇನೋ" ಅಂದವರಿದ್ದಾರೆ. ಕೊನೆಗೆ ಯಾರಾದರೂ ಕೇಳಿದರೆ, "ಹೂಂ, ನಾನೇ ಸುರಿದು ಕೊಡ್ತಿದ್ದೆ" ಅನ್ನುವಷ್ಟು ಮೈ ಉರಿಯುತ್ತಿತ್ತು.

ಬುಟ್ಟಾ ಒಂದೇ ಆಗಿದ್ದರೆ ಸರಿ. ಆಮೇಲಾಮೇಲೆ ಬೇರೆ ಬೇರೆ ಶುರುವಾದವು. ಹಗಲೆಲ್ಲ ತೂಕಡಿಕೆ, ರಾತ್ರಿ ಕಣ್ಣು ಬಿಟ್ಟುಕೊಂಡು ಕೂರುವುದು. ಟೀಗೆ ಉಪ್ಪು ಹಾಕಿಕೊಂಡು ಕುಡಿದು, ಚೆನ್ನಾಗಿದೆ ಅಂದರು. ಎಂದೂ ಇಲ್ಲದ ಸಿಟ್ಟು. ಬೀಗದ ಕೈ ಎಲ್ಲೋ ಇಟ್ಟು, ನಾನು ಬಚ್ಚಿಟ್ಟೆ ಎಂದು ಅಕ್ಕಪಕ್ಕದವರಿಗೆ ಕೇಳುವಂತೆ ಕೂಗಾಡಿದರು. ಬೀಗದ ಕೈ ಅವರ ಅಂಗಿ ಜೇಬಿನಲ್ಲೇ ಇತ್ತು. ನಾನು ಅತ್ತೆ. ವಯಸ್ಸಾದ ಮೇಲೆ ಗಂಡಸರು ಹೀಗಾಗುತ್ತಾರೆ ಎಂದು ಯಾರೋ ಸಮಾಧಾನ ಹೇಳಿದರು. ಬೀದಿಯ ಕ್ಲಿನಿಕ್ಕಿಗೆ ಹೋಗಿ ನಿದ್ದೆ ಬರುತ್ತಿಲ್ಲ ಅಂದಿದ್ದಕ್ಕೆ ಅಲ್ಲಿಯ ಡಾಕ್ಟರ್ ನಿದ್ದೆ ಮಾತ್ರೆ ಬರೆದುಕೊಟ್ಟರು. ಲಿವರ್ ವಿಷಯ ನಾವು ಹೇಳಲಿಲ್ಲ, ಅವರೂ ಕೇಳಲಿಲ್ಲ. ಬಹುಶಃ "ಕುಡೀತಾರಾ" ಅಂತ ಕೇಳದೆ ಬಿಟ್ಟ ಒಬ್ಬರೇ ಒಬ್ಬರು ಅವರು, ಕೇಳಿದ್ದರೆ ಎಷ್ಟೋ ಒಳ್ಳೆಯದಾಗುತ್ತಿತ್ತು.

ಅದರ ನಡುವೆ ಒಂದು ಸಲ ದೊಡ್ಡ ಆಸ್ಪತ್ರೆಯ ಚೆಕಪ್ ಬಂತು. ಲಿವರ್ ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು, ತಾಳ್ಮೆಯವರು. ಫೈಲ್ ನೋಡಿ, ತಮಿಳಿನಲ್ಲಿ ನನ್ನನ್ನೇ ಕೇಳಿದರು: ಅವರು ಮಾಡುವ ಕೆಲಸದಲ್ಲಿ ಏನಾದರೂ ಬದಲಾವಣೆ ಕಾಣುತ್ತಿದೆಯಾ, ತಪ್ಪುಗಳು ಆಗುತ್ತಿವೆಯಾ?

ಪಕ್ಕದಲ್ಲಿ ನಮ್ಮವರು ಕೂತಿದ್ದರು. ಅವರ ಮುಂದೆ ಹೇಗೆ ಹೇಳಲಿ?

"ಇಲ್ಲೀಂಗ," ಅಂದೆ.

ಬರೆಯಲು ಎತ್ತಿದ್ದ ಪೆನ್ನನ್ನು ಡಾಕ್ಟರ್ ಮೇಜಿನ ಮೇಲಿಟ್ಟರು. ಆ ಪೆನ್ನು ಈಗಲೂ ನನ್ನ ಕಣ್ಣ ಮುಂದೆ ಬರುತ್ತದೆ.

ಅದಾದ ಮೂರನೇ ವಾರ ಮಂಗಳವಾರ ಅಮಾವಾಸ್ಯೆ. ನಮ್ಮಲ್ಲಿ ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಪಕ್ಕದ ಮನೆಯಲ್ಲೇ ಇರುವ ನಮ್ಮವರ ಅಕ್ಕ ಕಮಲಕ್ಕ, ತಮ್ಮನ ಕಾಯಿಲೆ ಹೋಗಲಿ ಎಂದು ಚೌಡಮ್ಮನಿಗೆ ಹರಕೆ ಹೊತ್ತು, ಅವರಿಂದ ಇಡೀ ದಿನ ಉಪವಾಸ ಮಾಡಿಸಿದರು. ಮೂರು ದಿನದಿಂದ ಅವರಿಗೆ ಮಲ ಕಟ್ಟಿತ್ತು. ಖಾಲಿ ಹೊಟ್ಟೆಯಲ್ಲೇ ನಿದ್ದೆ ಮಾತ್ರೆ ನುಂಗಿ ಮಲಗಿದರು.

ಬುಧವಾರ ಬೆಳಗ್ಗೆ ಅಂಗಿಯ ತೋಳಿನೊಳಗೆ ಕಾಲು ತೂರಿಸಲು ನೋಡುತ್ತಿದ್ದರು. ನಾನೇ ಬಟ್ಟೆ ಹಾಕಿ, ಕೈ ಹಿಡಿದು ಮಗ್ಗದ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ಕೂತರೆ ಸರಿಹೋಗುತ್ತಾರೆ ಅನ್ನಿಸಿತು. ಮನೆಯಲ್ಲಿ ಏನೇ ಆದರೂ ಅಲ್ಲಿ ಕೂತರೆ ಸರಿಹೋಗುತ್ತಿದ್ದವರು ಅವರು. ಹತ್ತಿರ ಹೋಗಿ ನಿಂತರು. ಬಿಗಿದು ಕಟ್ಟಿದ ಹಾಸಿನ ಎಳೆಗಳನ್ನು ನೋಡಿದರು, ಗುಂಡಿಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದರು:

"ಇದ್ ಯಾರ್ ಮಗ್ಗ ಅಮ್ಮಾ?"

ನಾನು ಬೀದಿಗೆ ಓಡಿ ಆಟೋ ಕರೆದೆ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರ್. ಬಸ್ ನಿಲ್ಲಿಸುವವರ ಹಾಗೆ ಎರಡೂ ಕೈ ಮುಂದೆ ಚಾಚಿ ಅಂಗೈ ಎತ್ತಿ ಹಿಡಿಯಲು ಹೇಳಿದರು. ಹೇಳಿದ್ದು ನಮ್ಮವರಿಗೆ ಅರ್ಥವಾಗಲಿಲ್ಲ, ನಾನು ಮಾಡಿ ತೋರಿಸಿದೆ. ಚಾಚಿದ ಕೈ ನಿಲ್ಲಲಿಲ್ಲ. ಮಣಿಕಟ್ಟು ಪಟಕ್ಕನೆ ಬೀಳುತ್ತದೆ, ಮತ್ತೆ ಏಳುತ್ತದೆ, ಮತ್ತೆ ಬೀಳುತ್ತದೆ. ತಂತಿ ಮೇಲೆ ಒಣಹಾಕಿದ ಬಟ್ಟೆ ಗಾಳಿಗೆ ಬಡಿದುಕೊಂಡ ಹಾಗೆ. ಎಳೆಗೆ ಎಳೆ ಕೂಡಿಸುತ್ತಿದ್ದ ಕೈ ಅದು. ನಾನು ಆ ಕಡೆ ತಿರುಗಿಕೊಂಡೆ.

ಹೆಪಾಟಿಕ್ ಎನ್‌ಸೆಫಲೋಪತಿ. ಡಾಕ್ಟರ್ ಕಾಗದದ ಮೇಲೆ ಬರೆದುಕೊಟ್ಟರು. ನನಗೆ ಅರ್ಥವಾದಷ್ಟು ಇಷ್ಟು: ಹೊಟ್ಟೆಯಲ್ಲಿ ಹುಟ್ಟುವ ಅಮೋನಿಯಾ ಅನ್ನುವ ವಿಷವನ್ನು ಲಿವರ್ ತೊಳೆದು ಕಳಿಸಬೇಕು. ಲಿವರ್ ಗಟ್ಟಿಯಾದರೆ ಅದು ತೊಳೆಯುವುದಿಲ್ಲ, ವಿಷ ರಕ್ತದ ಜೊತೆ ಮೆದುಳಿಗೆ ಹೋಗುತ್ತದೆ. ಮಲ ಕಟ್ಟಿದರೆ ಇನ್ನೂ ಹೆಚ್ಚು. ಉಪವಾಸದಿಂದ ಹೆಚ್ಚು. ನಿದ್ದೆ ಮಾತ್ರೆಯಿಂದ ಹೆಚ್ಚು. ಮೂರನ್ನೂ ನಾವು ಒಂದೇ ದಿನ ಕೂಡಿಸಿಬಿಟ್ಟಿದ್ದೆವು, ಮನೆಯವರೆಲ್ಲ ಸೇರಿ, ಪ್ರೀತಿಯಿಂದ.

"ಇದು ಒಂದೇ ದಿನದಲ್ಲಿ ಬರುವುದಲ್ಲ," ಎಂದರು ಡಾಕ್ಟರ್ ತಮಿಳಿನಲ್ಲಿ. "ಮೊದಲು ಸಣ್ಣ ಸಣ್ಣ ತಪ್ಪುಗಳಾಗಿ ಕಾಣಿಸಿಕೊಂಡಿರಬೇಕು. ನಿಮಗೆ ಏನೂ ಗೊತ್ತಾಗಲಿಲ್ವಾ?"

ಅವಾಗ ಹೇಳಿದೆ. ಬುಟ್ಟಾ, ಬಿಚ್ಚಿದ್ದು, ಎರಡು ತಿಂಗಳು, ಎಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬಿಚ್ಚದೆ ಬಿಟ್ಟಿದ್ದರೆ ಅದು ನನಗೆ ರಿಪೋರ್ಟ್ ಆಗುತ್ತಿತ್ತಮ್ಮ" ಅಂದರು.

ಎನಿಮಾ ಕೊಟ್ಟರು. ಮೂಗಿನಲ್ಲಿ ಟ್ಯೂಬ್ ಇಳಿಸಿ ಸಿರಪ್ ಹಾಕಿದರು. ನಮ್ಮವರು ಟ್ಯೂಬ್ ಕಿತ್ತು ಹಾಕಿದರು, ನರ್ಸ್‌ಗಳು ಅವರ ಕೈ ಕಟ್ಟಿದರು. ನನ್ನನ್ನು ಯಾರು ಅಂತ ಕೇಳಿದರೆ "ನರ್ಸು" ಅಂದರು. ಆ ದಿನದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದು ನನ್ನಿಂದ ಆಗುವುದಿಲ್ಲ.

ಗುರುವಾರ ಎಚ್ಚರವಾಗಿದ್ದರು. ರೌಂಡ್ಸ್‌ಗೆ ಬಂದ ಇನ್ನೊಬ್ಬ ಡಾಕ್ಟರ್, ನಿಮ್ಮನ್ನು ನೋಡಲು ಯಾರು ಬಂದಿದ್ದರು ಎಂದು ತಮಿಳಿನಲ್ಲಿ ಕೇಳಿದರೆ, ನಮ್ಮವರು ಸ್ವಚ್ಛ ತಮಿಳಿನಲ್ಲಿ, ದೊಡ್ಡ ಮುದಲಾಳಿ ಬಂದಿದ್ದರು, ಇಲ್ಲೇ ಕೂತು ಮಾತಾಡಿ ಹೋದರು ಎಂದು ಉತ್ತರಿಸಿದರು. ಡಾಕ್ಟರ್ ಖುಷಿಯಾಗಿ ಬರೆದುಕೊಂಡರು. ಆ ದೊಡ್ಡ ಮುದಲಾಳಿ ಸತ್ತು ಹತ್ತು ವರ್ಷವಾಗಿದೆ, ಈಗಿರುವುದು ಅವರ ಮಗ ಎಂದು ನಾನು ಹಿಂದಿನಿಂದ ಓಡಿಹೋಗಿ ಹೇಳಬೇಕಾಯಿತು.

ಶುಕ್ರವಾರ ಇದಕ್ಕೆ ಉಲ್ಟಾ. ನರ್ಸ್ ಬಂದು ಇವತ್ತು ಏನು ದಿನ ಎಂದು ಕೇಳಿದಳು. ಅವರು ಸೂರು ನೋಡುತ್ತಾ, "ಅಮಾಸೆ ಕಳ್ದು ಮೂರ್ ದಿನ ಆಯ್ತಲ್ಲ" ಅಂದರು. ನರ್ಸ್‌ಗೆ ಕನ್ನಡ ಗೊತ್ತಿಲ್ಲ. ಏನೋ ಬಡಬಡಿಸುತ್ತಿದ್ದಾರೆ ಎಂದು ಚಾರ್ಟಿನಲ್ಲಿ ಬರೆಯಹೋದಳು.

"ಸಿಸ್ಟರ್, ಅದು ಕನ್ನಡ! ಸರಿಯಾಗೇ ಹೇಳ್ತಿದ್ದಾರೆ!" ನಾನು ಕೂಗಿದ್ದಕ್ಕೆ ವಾರ್ಡ್ ಪೂರ್ತಿ ತಿರುಗಿ ನೋಡಿತು. ನೇಕಾರನಿಗೆ ವಾರಕ್ಕಿಂತ ಅಮಾವಾಸ್ಯೆಯೇ ಮುಖ್ಯ, ಅವತ್ತಲ್ಲವೇ ಮಗ್ಗ ನಿಲ್ಲುವುದು. ಅವರ ತಲೆ ತನ್ನ ಹಳೆಯ ಲೆಕ್ಕಕ್ಕೆ ವಾಪಸ್ ಬಂದಿತ್ತು. ಅದನ್ನು ತಪ್ಪು ಅಂತ ಬರೆಯಲು ನಾನು ಬಿಡಲಿಲ್ಲ.

ಒಂಬತ್ತನೇ ದಿನ ಮನೆಗೆ ಬಂದೆವು. ಕಷ್ಟ ಮುಗಿಯಿತು ಅಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು.

ಔಷಧಿ ಅಂದರೆ ಮುಖ್ಯವಾಗಿ ಒಂದು ಸಿರಪ್, ಲ್ಯಾಕ್ಟುಲೋಸ್. ಪಾಕದ ಹಾಗೆ ಅಂಟು, ಬಾಯಿ ಕಟ್ಟುವಷ್ಟು ಸಿಹಿ. ದಿನಕ್ಕೆ ಎರಡು ಮೂರು ಸಲ ಮಲ ಮೆತ್ತಗೆ ಹೋಗಬೇಕು, ಅಷ್ಟಾಗುವ ಹಾಗೆ ಸಿರಪ್ ಕುಡಿಯಬೇಕು. ಜೊತೆಗೆ ಒಂದು ಮಾತ್ರೆ. ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಿ ಎಂದರು ಡಾಕ್ಟರ್. ಬರೆದೆ. ಸಂಸಾರ ಮಾಡಿ ಮೂವತ್ತು ವರ್ಷವಾದ ಮೇಲೆ ಗಂಡನ ಜೊತೆ ನಾನು ಬೆಳಗ್ಗೆ ಆಡುವ ಮೊದಲ ಮಾತು, "ಆಯ್ತಾ?" ಮಧ್ಯಾಹ್ನದ್ದು, "ಎಷ್ಟನೇದು?"

ನಮ್ಮದು ಐದು ಮನೆಗಳ ಸಾಲು. ಕೊನೆಯಲ್ಲಿ ಎಲ್ಲರಿಗೂ ಸೇರಿ ಎರಡು ಕಕ್ಕಸು. ಯಾರು ಎಷ್ಟು ಸಲ ಹೋದರು ಎಂಬುದು ಸಾಲಿಗೆಲ್ಲ ಗೊತ್ತು. "ಇನ್ನೂ ನಿಂತಿಲ್ವಾ?" ಎಂದು ಕೇಳುತ್ತಾರೆ, ಭೇದಿ ನಿಲ್ಲಲು ದಾಳಿಂಬೆ ಸಿಪ್ಪೆ ಅರೆದು ತಂದುಕೊಡುತ್ತಾರೆ. ನಿಲ್ಲಬಾರದು, ನಿಂತರೆ ತಲೆಗೇರುತ್ತದೆ ಎಂದು ಎಷ್ಟು ಜನಕ್ಕೆ ಹೇಳಲಿ?

ಕಮಲಕ್ಕನದು ಬೇರೆ ಕಾಟ. ನಾನು ತಟ್ಟೆಗೆ ಬೇಳೆ ಹಾಕಿದರೆ ಅವರ ಕಣ್ಣು ಕೆಂಪಾಗುತ್ತಿತ್ತು.

"ಕಾಮಾಲೆ ಮೈಗೆ ಬೇಳೆ ಆಕ್ತಾರೇನೇ ಸರೋಜ? ಪತ್ಯ ಬ್ಯಾಡ್ವಾ? ಗಂಜಿ ಕುಡ್ಸು. ಕಂಬೈನಲ್ಲೂರ್‌ನಾಗೆ ಒಬ್ರು ಬೇರು ಕೊಡ್ತಾರಂತೆ, ನಾನೇ ಓಗಿ ತತ್ತೀನಿ."

"ಬೇಳೆ, ಮೊಸರು, ಕಡಲೆ ಎಲ್ಲಾ ಕೊಡಬೇಕು ಅಂತ ಡಾಕ್ಟರೇ ಹೇಳಿದ್ದಾರೆ ಅಕ್ಕ. ಹೊಟ್ಟೆ ಖಾಲಿ ಬಿಡಬಾರದು. ಬೇರೂ ಬೇಡ, ಉಪವಾಸವೂ ಬೇಡ."

"ನಾನ್ ಉಪವಾಸ ಮಾಡ್ಸಿದ್ದಕ್ಕೇ ಇಂಗಾಯ್ತು ಅಂತೀಯಾ?"

ಅಂತೀನಿ ಅಂತ ಬಾಯಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ತಮ್ಮನನ್ನು ಎತ್ತಿ ಆಡಿಸಿದವರು. ನಾನೂ ನನ್ನ ಪಾಲಿನದನ್ನು ಮಾಡಿದವಳೇ ಅಲ್ಲವೇ.

ಒಂದು ತಿಂಗಳ ಮೇಲೆ ಡಾಕ್ಟರ್ ಅರ್ಧ ದಿನ ನೇಯಬಹುದು ಎಂದರು. ಅವತ್ತು ನಮ್ಮವರ ಮುಖ ನೋಡಬೇಕಿತ್ತು. ಬೆಳಗ್ಗೆ ಎಂಟಕ್ಕೇ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು ಗುಂಡಿಗೆ ಇಳಿದರು. ನಾನು ಸಿರಪ್ ಲೋಟ ಮಗ್ಗದ ಹತ್ತಿರ ತಂದರೆ, "ಅಲ್ಲಿಡು, ಈ ಬುಟ್ಟಾ ಮುಗ್ಸಿ ಕುಡೀತೀನಿ" ಅನ್ನುವರು. ಹತ್ತು ನಿಮಿಷ ಬಿಟ್ಟು ಬಂದರೆ ಲೋಟ ಖಾಲಿ. ನಾನು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ.

ಆದರೆ ಎರಡನೇ ವಾರದಲ್ಲಿ ಕಣ್ಣು ಮತ್ತೆ ಮಂಕಾಯಿತು. "ಎಷ್ಟನೇದು" ಅಂದರೆ "ಮೂರ್ನೇದು" ಎಂದು ಮುಖ ತಿರುಗಿಸಿ ಹೇಳುವರು. ಬುಟ್ಟಾ ಜಾರತೊಡಗಿತು. ಲೆಕ್ಕದ ಪ್ರಕಾರ ಎಲ್ಲ ಸರಿಯಿದೆ, ಮನುಷ್ಯ ಮಾತ್ರ ಸರಿಯಿಲ್ಲ. ಡೋಸ್ ಸಾಲದೇನೋ, ಲಿವರ್ ಇನ್ನೂ ಕೆಟ್ಟಿತೇನೋ ಎಂದು ನಾನು ಒದ್ದಾಡಿದೆ. ಈ ಸಲ ಬಿಚ್ಚಲಿಲ್ಲ. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡೆ.

ಅಷ್ಟರಲ್ಲಿ ಇರುವೆ ಬಂತು.

ಹೊಸ್ತಿಲಿನಿಂದ ಗೋಡೆ ಹಿಡಿದು ಮಗ್ಗದವರೆಗೆ ಕೆಂಪಿರುವೆ ಸಾಲು. ಎರಡು ದಿನ ಗುಡಿಸಿದೆ, ಅರಿಶಿನ ಹಾಕಿದೆ, ಜಗ್ಗಲಿಲ್ಲ. ಹಾಸಿನ ರೇಷ್ಮೆ ಎಳೆಗೆ ಇರುವೆ ಹತ್ತಿದರೆ ಗತಿಯೇನು ಎಂದು, ಅವರು ಸಂಜೆ ಟೀಗೆ ಹೋದಾಗ ಟಾರ್ಚ್ ಹಿಡಿದು ಗುಂಡಿಗೆ ಇಳಿದೆ. ತುಳಿಯುವ ಹಲಗೆಯ ಹಿಂದೆ, ಕಾಲು ತಾಕದ ಮೂಲೆಯಲ್ಲಿ, ಮಣ್ಣು ಕಾಣದ ಹಾಗೆ ಇರುವೆ ಮುತ್ತಿಕೊಂಡಿತ್ತು. ಬೆರಳು ಇಟ್ಟರೆ ಅಂಟು. ಮೂಸಿ ನೋಡಿದೆ.

ಸಿಹಿ ವಾಸನೆ.

ಆರೂವರೆಗೆ ಅವರು ಬಂದಾಗ ನಾನು ಗುಂಡಿಯಲ್ಲೇ ಕೂತಿದ್ದೆ. ಕಾಲಿಗೆಲ್ಲ ಇರುವೆ ಕಚ್ಚಿ ದದ್ದು ಎದ್ದಿತ್ತು. ಎದ್ದು ಬರುವ ಮನಸ್ಸಿರಲಿಲ್ಲ.

"ನನ್ನ ಏನಂದ್ಕೊಂಡಿದ್ದೀರಿ? ದಿನಾ ಎಣಿಸ್ತೀನಿ, ಬರೀತೀನಿ, ಸಾಲಿನೋರ ಹತ್ರ ಮರ್ಯಾದೆ ಕಳ್ಕೊಳ್ತೀನಿ. ನೀವು ಔಷಧಿನ ಇರುವೆಗೆ ಕುಡಿಸ್ತೀರಿ!"

ಅವರು ಬಾಗಿಲಲ್ಲೇ ನಿಂತರು. "ಮೆಲ್ಲಗೆ ಮಾತಾಡ್ಲೇ."

"ಯಾಕೆ ಮೆಲ್ಲಗೆ? ಮೂರನೇದು ಅಂದ್ರಿ ಇವತ್ತು. ಮೂರನೇದು!"

"ಗಂಟೆಗೊಂದ್ ದಪ ಗುಂಡಿಯಿಂದ ಏಳು, ಓಗು, ಸಾಲ್ನೋರ್ ಎಲ್ಲಾ ನೋಡ್ತಿರ್ತಾರೆ, ಬಂದು ತಿರ್ಗಾ ಇಳಿ. ಅಷ್ಟೊತ್ಗೆ ಕಾಲಿನ್ ಲೆಕ್ಕ ಓಗಿರ್ತೈತೆ. ಇದಾ ನೇಯ್ಗೆ? ಒಂದ್ ಅರ್ಧ ದಿನ ಮನುಷ್ಯನ್ ಅಂಗೆ ಕುಂತ್ಕಳನ ಅಂತ ಸುರಿದ್ಬಿಟ್ಟೆ."

"ಹಾಗಂತ ಬಾಯಿಬಿಟ್ಟು ಹೇಳಬೇಕಿತ್ತು. ನನ್ನಿಂದ ಮುಚ್ಚಿಟ್ಟಿರಲ್ಲಾ!"

"ನೀ ಮುಚ್ಚಿಡ್ಲಿಲ್ವಾ?"

ಅವರು ಮಗ್ಗದ ಹತ್ತಿರ ಬಂದು ಬಟ್ಟೆಯ ಮೇಲೆ ಕೈಯಿಟ್ಟರು.

"ಎರಡ್ ತಿಂಗ್ಳು ಬಿಚ್ಚಿ ಬಿಚ್ಚಿ ನೇಯ್ದಲ್ಲ. ಎಳೆ ಬಡ್ಯೋ ನಿನ್ ಏಟು ನಂಗ್ ಗೊತ್ತಾಗಲ್ವಾ? ನನ್ ಏಟು ಬಿಗಿ, ನಿಂದು ಮೆತ್ಗೆ. ಬೆಳಗ್ಗೆ ಬಟ್ಟೆ ಮ್ಯಾಲೆ ಕೈ ಇಟ್ರೆ ಇಲ್ಲಿಂದ ಇಲ್ಲಿಗಂಟ ನೀನು, ಇಲ್ಲಿಂದ ನಾನು ಅಂತ ಏಳ್ತೈತೆ."

"ಗೊತ್ತಿದ್ದೂ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀನು ಊಂ, ತಪ್ಪಾಗೈತೆ ಅಂದ್ಬಿಡ್ತಿದ್ದೆ" ಅಂದರು.

ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಒಬ್ಬರ ಮಾನ ಒಬ್ಬರು ಕಾಪಾಡುತ್ತಾ ಕೂತಿದ್ದೆವು. ಅಷ್ಟರಲ್ಲಿ ವಿಷ ತನ್ನ ಪಾಡಿಗೆ ತಾನು ತಲೆಗೆ ಏರುತ್ತಿತ್ತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅವರ ಮೇಲೆ, ನನ್ನ ಮೇಲೆ, ಹೀಗೆ ಬದುಕಲು ಕಲಿಸಿಕೊಟ್ಟ ನನ್ನ ಅಮ್ಮನ ಮೇಲೂ. ಅವರು ಕೈ ಚಾಚಿದರು, ನಾನು ಹಿಡಿದು ಗುಂಡಿಯಿಂದ ಮೇಲೆ ಬಂದೆ. ಲೋಟಕ್ಕೆ ಸಿರಪ್ ಬಗ್ಗಿಸಿ ಕೊಟ್ಟೆ. ನನ್ನೆದುರಿಗೇ ಕುಡಿದರು.

ಮಾರನೆಯ ದಿನವೇ ಡಾಕ್ಟರ ಹತ್ತಿರ ಹೋದೆವು. ಈ ಸಲ ನಾನು ಅವರ ಮುಂದೆಯೇ ಎಲ್ಲ ಹೇಳಿದೆ, ಅವರು ನನ್ನ ಮುಂದೆಯೇ ಇರುವೆ ವಿಷಯ ಹೇಳಿದರು. ಡಾಕ್ಟರ ಬಳಿ ಒಂದು ಪರೀಕ್ಷೆಯಿದೆ, ಕಾಗದದ ಮೇಲೆ ಚೆಲ್ಲಿರುವ ಅಂಕಿಗಳನ್ನು ಒಂದು, ಎರಡು, ಮೂರು ಎಂದು ಗೆರೆ ಎಳೆದು ಸೇರಿಸುವುದು. ನಮ್ಮವರು ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡರು. ನಾನು ಫೋನಿನಲ್ಲಿ ಸೀರೆಯ ಫೋಟೋ ತೋರಿಸಿದೆ. ಡಾಕ್ಟರ್ ದೊಡ್ಡದು ಮಾಡಿ ಮಾಡಿ ನೋಡಿ, ಯಾವ ಬುಟ್ಟಾ ಯಾವ ದಿನದ್ದು ಎಂದು ಕೇಳಿ, ನನ್ನ ಪುಸ್ತಕದ ಪಕ್ಕ ಇಟ್ಟುಕೊಂಡು, "ನನ್ನ ಟೆಸ್ಟಿಗಿಂತ ಇದು ಮುಂಚೆ ಹೇಳುತ್ತೆ" ಅಂದರು. ಸಿರಪ್ ಹೊತ್ತು ಬದಲಾಯಿಸಿದರು. ಬೆಳಗಿನದನ್ನು ಎದ್ದ ತಕ್ಷಣ ಕುಡಿದರೆ, ಮಗ್ಗಕ್ಕೆ ಇಳಿಯುವ ಮೊದಲೇ ಒಂದೆರಡು ಸಲ ಆಗಿಬಿಡುತ್ತದೆ. ಇಷ್ಟು ಸಣ್ಣ ವಿಷಯ. ಬಾಯಿಬಿಟ್ಟು ಕೇಳಿದ್ದರೆ ಮೊದಲ ದಿನವೇ ಸಿಗುತ್ತಿತ್ತು.

ಓಮಲೂರಿನಿಂದ ಕವಿತಾ ಒಂದು ಕಮೋಡ್ ಕುರ್ಚಿ ತಂದಳು. ಅಪ್ಪ ಅದನ್ನು ನೋಡಿ ಎರಡು ದಿನ ಮಗಳ ಹತ್ತಿರ ಮಾತಾಡಲಿಲ್ಲ. ಹಿತ್ತಲಲ್ಲಿ ಹಳೆ ಸೀರೆ ಪರದೆ ಕಟ್ಟಿ ಇಟ್ಟೆ. ಮೂರನೇ ದಿನ ತಾವೇ ಹೋದರು, ನಾನು ನೋಡದ ಹಾಗೆ ಇದ್ದೆ. ಸಾಲಿನವರಿಗೆ ಎಣಿಸಲು ಏನೂ ಇಲ್ಲದೆ ಬೇಸರವಾಗಿರಬೇಕು.

ಮುದಲಾಳಿಯ ಸೀರೆ ಮುಗಿದ ಮೇಲೆ ಹೊಸ ಹಾಸು ಏರಿಸಿದಾಗ ಅವರು ಹೇಳಿದರು, "ಇದು ಮುದಲಾಳಿಗಲ್ಲ. ನಿಂಗೆ. ತಪ್ಪಾದ್ರೆ ಯಾರ್ಗೂ ತೋರ್ಸೋದ್ ಬ್ಯಾಡ. ಬಿಚ್ಚೋದೂ ಬ್ಯಾಡ."

ಮೂವತ್ತು ವರ್ಷದಲ್ಲಿ ಎಷ್ಟು ಮದುವೆಗಳಿಗೆ ಸೀರೆ ನೇಯ್ದ ಮನುಷ್ಯ, ನನಗಾಗಿ ನೇಯುತ್ತಿರುವ ಮೊದಲ ಸೀರೆ ಇದು. ನನಗೆ ಸಂತೋಷವಾಯಿತು, ಅದನ್ನೂ ಹೇಳಿಬಿಡುತ್ತೇನೆ. ಇದಕ್ಕೆ ಇಷ್ಟೆಲ್ಲ ಆಗಬೇಕಿತ್ತಾ ಅಂತಲೂ ಅನ್ನಿಸಿತು.

ಇದು ವಾಸಿಯಾಗಿ ಹೋಗುವ ಕಾಯಿಲೆಯಲ್ಲ. ಲಿವರ್ ಬದಲಾಯಿಸುವ ಮಾತು ಬಂದಿದೆ, ಸದ್ಯಕ್ಕಲ್ಲ ಅಂದಿದ್ದಾರೆ. ಈ ನಡುವೆ ಇನ್ನೊಂದು ಸಲ ಎರಡು ದಿನ ಅಡ್ಮಿಟ್ ಆಗಿ ಬಂದೆವು. ಕೆಲವು ದಿನ ಅವರ ಮೇಲೆ ಎಷ್ಟು ಸಿಟ್ಟು ಬರುತ್ತದೆ ಅಂದರೆ, ಸಿರಪ್ ಬಾಟಲಿ ಎತ್ತಿ ಗೋಡೆಗೆ ಬಡಿಯೋಣ ಅನ್ನಿಸುತ್ತದೆ. ಆಮೇಲೆ ಇರುವೆ ನೆನಪಾಗಿ ಸುಮ್ಮನಾಗುತ್ತೇನೆ.

ಕಳೆದ ವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಬೇಳೆಗೆ ಒಗ್ಗರಣೆ ಹಾಕುತ್ತಿದ್ದೆ. ಮಗ್ಗದ ಸದ್ದು ನಿಂತಿತು. ಒಲೆ ಆರಿಸಿ ಹೊರಟೆ.

"ಸರೋಜಾ," ಅಂತ ಕೂಗಿದರು. "ಬುಟ್ಟಾ ತಪ್ಪೈತೆ ಬಾ."

ಹೋಗಿ ಬಗ್ಗಿ ಎಣಿಸಿದೆ. ಎರಡೇ ಎಳೆ. ನಾನಾಗಿದ್ದರೆ ಸಂಜೆವರೆಗೆ ಗಮನಿಸುತ್ತಲೇ ಇರಲಿಲ್ಲ.

"ಬೆಳಗ್ಗೆಯಿಂದ ಒಂದೇ ದಪ ಆಗಿರೋದು," ಅಂದರು ಬಟ್ಟೆಯ ಮೇಲೆ ಬೆರಳಿಟ್ಟುಕೊಂಡೇ. "ಸಿರಪ್ ತಕ್ಕೊಂಬಾ."

ನಾನು ಕೇಳಿರಲಿಲ್ಲ. ಎಣಿಸಿರಲಿಲ್ಲ. ಅವರೇ ನೋಡಿದರು, ಅವರೇ ಹೇಳಿದರು. ದೇವರಿಗೆ ಕೈಮುಗಿಯುವುದಾದರೆ ನಾನು ಇಷ್ಟಕ್ಕೇ ಮುಗಿಯುತ್ತೇನೆ.

ಲೋಟ ತಂದುಕೊಟ್ಟೆ. ಮುಖ ಕಿವುಚಿ ಕುಡಿದು, ಲೋಟ ಬೋರಲು ಹಾಕಿ ತೋರಿಸಿದರು. ತಪ್ಪಿದ ಬುಟ್ಟಾವನ್ನು ಹಾಗೇ ಬಿಟ್ಟು ಮುಂದಿನ ಎಳೆ ಹಾಕಿದರು, ನಾನು ರಾಟೆ ಹತ್ತಿರ ಹೋಗಿ ಕೂತೆ.